ಇನ್‌ಕ್ಯುಬೇಟರಿನಲ್ಲಿ ಉಳಿದ ತಮ್ಮ

೧೯೮೨ರಲ್ಲಿ ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಒಂದು ಭಾನುವಾರ ಹೊನ್ನವಳ್ಳಿಯ ಮನೆಗೆ ಬಂದಿದ್ದೆ. ತಮ್ಮ ಮಲ್ಲೇಶ ಜಗುಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಹೆರೆಯುತ್ತಿದ್ದ. ಅವನಿಗೆ ಇಪ್ಪತ್ತು ವರ್ಷ. ಸ್ನಾಯು ಸವೆಯುವ ಕಾಯಿಲೆಯಿಂದ ಕಾಲುಗಳು ಎಂದೋ ಸೋತಿದ್ದವು. ಕಾಯಿಲೆಯ ಮೂಲ ಹುಡುಕಲೆಂದು ನಮ್ಮ ಕೇಂದ್ರದ ಡಾಕ್ಟರು ಹಿಂದಿನ ತಿಂಗಳು ಅವನ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದಿದ್ದರು. ಅವನೇ ಒಪ್ಪಿ ಕೊಟ್ಟಿದ್ದ. ಅದರ ಜೀವಕೋಶಗಳು ಕೇಂದ್ರದಲ್ಲಿ ಒಂದು ಗಾಜಿನ ಫ್ಲಾಸ್ಕಿನೊಳಗೆ ಬೆಳೆಯುತ್ತಿದ್ದವು.

"ಅಣ್ಣ, ಬೆಂಗ್ಳೂರ್ನಾಗಿರೋ ನಾನು ಓಡಾಡ್ತೀನಾ?" ಎಂದ.

"ಓಡಾಡಲ್ಲ ಕಣ್ಲಾ, ಕೂತಲ್ಲೇ ಹರಡ್ಕೊಂತೀಯ."

"ನಿನ್ನಂಗೇ ಸೋಮಾರಿ ಬುಡು."

ಅವ್ವನೂ ನಕ್ಕಳು. ನಾನು ಸಂಜೆಯ ಬಸ್ಸಿಗೆ ಹೊರಟೆ.

ಗುರುವಾರ ಉಸಿರು ಕಟ್ಟಿ ಅವನು ತೀರಿಕೊಂಡ. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಹಾಲು-ತುಪ್ಪ ಬಿಡುವ ದಿನ, ಅಪ್ಪ ಹೋದ ಮೇಲೆ ಮನೆಗೆ ಹಿರಿಯರಾಗಿದ್ದ ದೊಡ್ಡಪ್ಪ ಎಲ್ಲರೆದುರು ಕೇಳಿದರು: "ಅವನ ಚರ್ಮ ಕುಯ್ಕೊಂಡೋದ್ರಲ್ಲ, ಅದೇನಾಯ್ತ್ಲಾ?"

"ಬದುಕೈತೆ" ಎಂದೆ. ಕೇಳಿದವರಿಗೆ ಸಮಾಧಾನವಾದೀತು ಅಂದುಕೊಂಡಿದ್ದೆ.

ಅವ್ವ ಹಾಲಿನ ಚೊಂಬು ಕೆಳಗಿಟ್ಟಳು. "ಬದುಕಿರೋವ್ನಿಗೆ ಎಡೆ ಇಡ್ತಾರೇನ್ಲಾ? ತಂದ್ಕೊಡು. ಅದೂ ಈ ಮಣ್ಣಿಗೆ ಸೇರೋಗಂಟ ನಾನು ಎಡೆ ಇಡಕಿಲ್ಲ."

ತಮ್ಮನ ಕೋಶಗಳನ್ನು ಮಣ್ಣು ಮಾಡಲು ಕೊಡಿ ಎಂದು ಕೇಂದ್ರದ ಮುಖ್ಯಸ್ಥರನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ. "ರಜೆ ಕೇಳಿದ್ರಿ, ಕೊಟ್ಟೆ. ಇದು ಸಂಶೋಧನಾ ಕೇಂದ್ರ ಕಣ್ರೀ, ಸ್ಮಶಾನ ಅಲ್ಲ."

ಆ ಫ್ಲಾಸ್ಕನ್ನು ನೋಡಿಕೊಳ್ಳುವುದು ನನ್ನದೇ ಕೆಲಸ. ಅದನ್ನಿಟ್ಟಿದ್ದ ಬೆಚ್ಚನೆಯ ಪೆಟ್ಟಿಗೆ, ಇನ್‌ಕ್ಯುಬೇಟರಿನ ಶಾಖ ಮೂವತ್ತೇಳು ಡಿಗ್ರಿ, ನಮ್ಮ ಮೈಯಷ್ಟೇ. ವಾರಕ್ಕೆರಡು ಸಲ ಹಳೆಯ ದ್ರವ ತೆಗೆದು ಹೊಸ ಪೋಷಕ ದ್ರವ ಹಾಕುತ್ತಿದ್ದೆ. ಊರಿಗೆ ಹೋದರೆ ಅವ್ವ ತಟ್ಟೆ ಮುಂದೆ ತಳ್ಳಿ ಎದ್ದು ಹೋಗುತ್ತಿದ್ದಳು. ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ನನ್ನನ್ನು ಯಾರಿಗೋ ತೋರಿಸಿದರು: "ನೋಡಪ್ಪ, ಒಡಹುಟ್ಟಿದೋನ್ನ ಸೀಸೇಲಿ ಸಾಕ್ತಾವ್ನೆ."

ಬೇಸಿಗೆಯಲ್ಲಿ ಫ್ಲಾಸ್ಕಿಗೆ ಬೂಷ್ಟು ಹತ್ತಿತು. ಬೂಷ್ಟು ಹತ್ತಿದ್ದನ್ನು ಆಟೋಕ್ಲೇವ್‌ನಲ್ಲಿ, ಎಂದರೆ ಒತ್ತಡದ ಹಬೆಯಲ್ಲಿ, ಬೇಯಿಸಿ ಚೆಲ್ಲಬೇಕು. ಇಲ್ಲದಿದ್ದರೆ ಉಳಿದ ರೋಗಿಗಳ ಕೋಶಗಳಿಗೂ ಹರಡುತ್ತದೆ. ಬೇಯಿಸಿದ ಮೇಲಾದರೂ ಕೊಡಿ ಎಂದೆ. "ಒಬ್ಬರಿಗೆ ಕೊಟ್ರೆ ನಾಳೆ ಎಲ್ಲರೂ ಬರ್ತಾರೆ. ಚೆಲ್ರೀ" ಎಂದು ಮುಖ್ಯಸ್ಥರು ಪಕ್ಕದಲ್ಲೇ ನಿಂತರು. ಸಿಂಕಿಗೆ ಚೆಲ್ಲಿದೆ. ಫ್ಲಾಸ್ಕನ್ನೂ ನಾನೇ ತೊಳೆದೆ. ಅದರಲ್ಲಿ ಬೇರೆಯವರ ಕೋಶ ಹಾಕಬೇಕಿತ್ತು.

"ಅದೂ ಹೋಯ್ತು ಅವ್ವ" ಎಂದೆ.

"ಎಲ್ಲಿ ಹೂತೆ?"

ಹೇಳಿದೆ.

"ಮೋರಿಗಾ?" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ನಾನು ಯಾರ ಮನೆಗೆ ಸ್ಯಾಂಪಲ್ ತರಲು ಹೋದರೂ ಮೊದಲು ಹೇಳುತ್ತಿದ್ದೆ: ಇದು ವಾಪಸ್ ಬರುವುದಿಲ್ಲ, ಕೊನೆಗೆ ಚೆಲ್ಲುತ್ತೇವೆ. ಕೆಲವರು ಬಾಗಿಲು ಹಾಕಿಕೊಂಡರು. ಡಾಕ್ಟರು ಬೈದರು. ಕೊಟ್ಟವರು ಮಾತ್ರ ತಿಳಿದು ಕೊಟ್ಟರು. ಆ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಅವ್ವನೂ ಈಗಿಲ್ಲ. ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೂ ಅವಳಿಗೂ ಎಡೆ ಇಡುತ್ತೇನೆ. ಮಲ್ಲೇಶನಿಗೆ ಇನ್ನೂ ಇಟ್ಟಿಲ್ಲ.