ಉಕ್ಕದೆ ಉಳಿದ ಹಾಲು

ಸ್ವಂತ ಮನೆಗೆ ಬಂದ ಮೊದಲ ವಾರವೆಲ್ಲ ನಾನು ನಮ್ಮ ಮನೆಯ ಕರೆಗಂಟೆಯನ್ನು ನಾನೇ ಒತ್ತಿ ಸುಖಪಟ್ಟೆ. ಕೈಯಲ್ಲಿ ಬೀಗದ ಕೈ ಇದ್ದರೂ ಒತ್ತುತ್ತಿದ್ದೆ. ಗಂಡ ಬಂದು ಬಾಗಿಲು ತೆರೆದು, "ಯಾರು ಬೇಕಿತ್ತು?" ಎಂದು ಬಲು ಗಂಭೀರವಾಗಿ ಕೇಳುತ್ತಿದ್ದ. "ಈ ಮನೆ ಓನರ್ ಬೇಕಿತ್ತು." "ನಾನೇ, ಹೇಳಿ." "ನೀನಲ್ಲ, ನಾನು" ಎಂದು ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋಗುತ್ತಿದ್ದೆ. ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಿನವರು ಆಡುವ ಆಟವಲ್ಲ. ಎದುರು ಮನೆಯವರು ಬಾಗಿಲ ಸಂದಿಯಿಂದ ನೋಡಿಯೂ ಇರಬಹುದು. ನೋಡಲಿ, ನನಗೇನು.

ಮನೆ ಎಂದರೆ ಯಲಹಂಕದಲ್ಲಿ, ರೈಲು ಹಳಿಯ ಆಚೆ, ಎರಡನೇ ಮಹಡಿಯ ಒಂದು ಪುಟ್ಟ ಫ್ಲಾಟು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾವು ಕಟ್ಟಲಿಲ್ಲ, ಯಾರೋ ಕಟ್ಟಿದ್ದನ್ನು ಕೊಂಡೆವು. ಆದರೂ ಆ ಗಾದೆಯಲ್ಲಿ ನಮಗೂ ಅರ್ಧ ಪಾಲು ಸಲ್ಲಬೇಕು ಎಂಬುದು ನನ್ನ ವಾದ.

ಇನ್ನು ಮೊಳೆಗಳ ವಿಷಯ. ನಾವು ಬಾಡಿಗೆಗಿದ್ದ ಮನೆಗಳಲ್ಲೆಲ್ಲ ಮೊದಲ ಷರತ್ತು ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಹಾಗಾಗಿ ನಮ್ಮ ಮದುವೆಯ ಫೋಟೋ ಇಷ್ಟು ವರ್ಷ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಕೂತಿತ್ತು. ಇಲ್ಲಿಗೆ ಬಂದ ಮರುದಿನವೇ ಗಂಡ ಸುತ್ತಿಗೆ, ಡಬ್ಬಿ ತುಂಬಾ ಮೊಳೆ ಕೊಂಡು ತಂದ. ಮೊದಲ ಮೊಳೆಗೆ ಫೋಟೋ ಹಾಕಿದೆವು. ಎರಡನೆಯದಕ್ಕೆ ಗಡಿಯಾರ. ಮೂರನೆಯದಕ್ಕೆ ಹಾಕಲು ಏನೂ ಇರಲಿಲ್ಲ, ಆದರೆ ಆಗಲೇ ಹೊಡೆದಾಗಿತ್ತು. ತರಕಾರಿ ಚೀಲ ತಗುಲಿಹಾಕಿದೆವು. ಆಮೇಲೆ ನಾನೂ ಒಂದು ಹೊಡೆದೆ, ಬರೀ ಹೇಗಿರುತ್ತದೆ ನೋಡೋಣ ಎಂದು. ಬಹಳ ಚೆನ್ನಾಗಿರುತ್ತದೆ.

ಇದನ್ನೆಲ್ಲ ನಮ್ಮ ಜೊತೆಗೇ ಇರುವ ನನ್ನ ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ನೋಡುತ್ತಿದ್ದಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಿದ್ನಂತೆ" ಎಂದಳು. ಅದನ್ನೂ ಪಿಸುಗುಟ್ಟಿದಳು. ಅಮ್ಮ ಎಲ್ಲವನ್ನೂ ಪಿಸುಗುಟ್ಟಿಯೇ ಹೇಳುವುದು. ಆರ್.ಟಿ. ನಗರ, ಗೊರಗುಂಟೆಪಾಳ್ಯ, ಕೊನೆಗೆ ಬಾಗಲಗುಂಟೆ ಎಂದು ಅವಳ ಆಯುಷ್ಯವೆಲ್ಲ ಬಾಡಿಗೆ ಮನೆಗಳಲ್ಲಿ, ಕೆಳಗೋ ಪಕ್ಕಕ್ಕೋ ಓನರ್ ಇರುವ ಮನೆಗಳಲ್ಲಿ ಕಳೆದಿದೆ. ಕುಟ್ಟಾಣಿಯ ಕೆಳಗೆ ಗೋಣಿತಾಟು ಹಾಕಿ ಕುಟ್ಟುವವಳು. ನೆಂಟರು ಬಂದರೆ ಮೆಟ್ಟಿಲಲ್ಲೇ ತಡೆದು, "ಮೆತ್ತಗೆ ನಡೀರಿ" ಎಂದು ಉಪಚಾರ ಮಾಡುವವಳು. ಈಗ ನಮ್ಮ ತಲೆಯ ಮೇಲೆ ದಿನವೂ ವಾಯುಪಡೆಯ ವಿಮಾನಗಳು ಆಕಾಶ ಹರಿದುಕೊಂಡು ಹೋಗುತ್ತಿದ್ದವು, ಕಿಟಕಿಯ ಗಾಜುಗಳೆಲ್ಲ ನಡುಗುತ್ತಿದ್ದವು. ಅದರ ಕೆಳಗೆ ಕೂತು ಅಮ್ಮ ಒಗ್ಗರಣೆ ಚಟಪಟ ಎನ್ನದಂತೆ ತಟ್ಟೆ ಮುಚ್ಚುತ್ತಿದ್ದಳು.

ನನ್ನ ಈ ಕುಣಿತದ ನಡುವೆ ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಅಮ್ಮನ ಟ್ರಂಕು. ಬಾಗಲಗುಂಟೆಯಲ್ಲಿ ನೀಲಿ ಹಗ್ಗ ಬಿಗಿದು ಕಟ್ಟಿದ್ದು, ಅವಳ ಕೋಣೆಯ ಬಾಗಿಲ ಹಿಂದೆ ಹಾಗೆಯೇ ಕೂತಿತ್ತು. ಉಡುವ ಸೀರೆಗಳನ್ನು ಒಂದು ಚೀಲದಲ್ಲಿಟ್ಟುಕೊಂಡು, ಊರಿಂದ ಬಂದು ನಾಳೆ ಹೊರಡುವವಳಂತೆ ಇದ್ದಳು. "ಬಿಚ್ಚಮ್ಮ, ಬೀರುವಿನಲ್ಲಿ ಜೋಡಿಸೋಣ" ಎಂದರೆ, "ಇರ್ಲಿ, ಅವಸರ ಏನು" ಎನ್ನುವಳು. ಕಾರಣ ನನಗೆ ಗೊತ್ತಿತ್ತು. ಅದು ಗೃಹಪ್ರವೇಶದ ದಿನದ್ದು.

ಹೊಸ ಮನೆಗೆ ಹೋದವರು ಹಾಲು ಉಕ್ಕಿಸಬೇಕಷ್ಟೆ. ಬಾಡಿಗೆ ಮನೆಯಾದರೂ ಅಮ್ಮ ಬಿಟ್ಟವಳಲ್ಲ. ಆದರೆ ನಾನು ಚಿಕ್ಕವಳಿದ್ದಾಗ ಒಂದು ಮನೆಯಲ್ಲಿ ಉಕ್ಕಿದ ಹಾಲು ಅಡುಗೆ ಕಟ್ಟೆಯ ಮೇಲೆ ಕರೆ ಕಟ್ಟಿತು. ನಾವು ಕಾಲಿಟ್ಟ ಮೊದಲ ದಿನವೇ ಆ ಓನರ್ ಮಾತಾಡಿದ ರೀತಿ ಅಮ್ಮನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಅವಳದೊಂದು ಪದ್ಧತಿ: ಒಲೆಯ ಕೆಳಗೆ ಅಗಲವಾದ ತಟ್ಟೆ, ಕೈ ಗ್ಯಾಸ್ ಒಲೆಯ ತಿರುಪಿನ ಮೇಲೆ. ಹಾಲು ಅಂಚಿಗೆ ಬಂದು ಒಂದೆಳೆ ಇಳಿಯಿತೋ ಇಲ್ಲವೋ, ಟಪ್ಪನೆ ಆರಿಸಿಬಿಡುವುದು. ಶಾಸ್ತ್ರವೂ ಆಗಬೇಕು, ಕಟ್ಟೆಯೂ ಕೆಡಬಾರದು.

ಈ ಮನೆಯ ಗೃಹಪ್ರವೇಶದಲ್ಲೂ ಹಾಲಿನ ಮುಂದೆ ಅವಳನ್ನೇ ನಿಲ್ಲಿಸಿದೆವು. ಮಂತ್ರ ನಡೆಯುತ್ತಿತ್ತು, ನೆಂಟರೆಲ್ಲ ಅಡುಗೆಮನೆಯ ಬಾಗಿಲಲ್ಲಿ ಮುಗಿಬಿದ್ದಿದ್ದರು. ನನ್ನ ಗಂಡ ಫೋನು ಎತ್ತಿ ಹಿಡಿದಿದ್ದ. ಹಾಲು ಏರಿತು, ಕೆನೆ ಉಬ್ಬಿತು, ಇನ್ನೇನು ಚೆಲ್ಲಬೇಕು. ಅಮ್ಮ ಆ ಪಳಪಳ ಹೊಳೆಯುವ ಕಟ್ಟೆಯನ್ನೊಮ್ಮೆ ನೋಡಿದಳು. ಟಪ್! ಒಲೆ ಆರಿತು. ಉಬ್ಬಿದ ಹಾಲು ನಿಟ್ಟುಸಿರು ಬಿಟ್ಟು ಪಾತ್ರೆಯ ತಳಕ್ಕೆ ಇಳಿಯಿತು. ಒಂದು ಹನಿ ಹೊರಗೆ ಬೀಳಲಿಲ್ಲ.

ಇನ್ನೊಂದು ಕಡೆ ಮುಹೂರ್ತವಿದ್ದ ಪುರೋಹಿತರು, "ಕುದಿ ಬಂತಲ್ಲ, ಸಾಕು, ಪಾಯಸಕ್ಕೆ ಹಾಕ್ಕೊಳ್ಳಿ" ಎಂದು ಹೊರಟರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ಬಿಳಿಚಿಕೊಂಡಿದ್ದಳು. ಮರುದಿನ ಇನ್ನೊಮ್ಮೆ ಉಕ್ಕಿಸೋಣ ಎಂದೆ. "ಮುಹೂರ್ತ ಹೋಯ್ತಲ್ಲ. ಈಗ ಉಕ್ಕಿಸಿದ್ರೆ ಬರೀ ಹಾಲು ದಂಡ" ಎಂದಳು. ಮತ್ತೆ ಒಂದು ಸಂಜೆ ತಾನಾಗಿಯೇ ಹೇಳಿದಳು: "ನಂಗೆ ಸ್ವಂತ ಮನೆ ಯೋಗ ಇಲ್ಲ ಕಣೇ. ಇದ್ದಿದ್ರೆ ನನ್ನ ಕೈ ಯಾಕೆ ಹಂಗೆ ಓಡ್ತಿತ್ತು?" ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಎದ್ದು ಹೋಗಿ ಇನ್ನೊಂದು ಮೊಳೆ ಹೊಡೆದೆ.

ಆ ಟ್ರಂಕು ಬಿಚ್ಚದೆ ಈ ಮನೆ ನನ್ನದಾಗುವುದಿಲ್ಲ ಎಂದು ನನಗೆ ಅನ್ನಿಸತೊಡಗಿತ್ತು. ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಸೋರಲು ಶುರುವಾಯಿತು. ನಲ್ಲಿ ಸೋರಿದರೆ ಏನು ಮಾಡಬೇಕೋ ಅದನ್ನೇ ಮಾಡಿದೆ. ಫೋನು ತೆಗೆದು ಬಾಗಲಗುಂಟೆಯ ನಮ್ಮ ಹಳೇ ಓನರಮ್ಮನಿಗೆ ಹಚ್ಚಿ, "ಆಂಟಿ, ಅಡುಗೆಮನೆ ನಲ್ಲಿ ಸೋರ್ತಿದೆ, ಯಾರನ್ನಾದ್ರೂ ಕಳಿಸ್ತೀರಾ?" ಎಂದೆ.

ಆ ಕಡೆಯಿಂದ ಒಂದು ನಗು ಹೊರಟಿತು ನೋಡಿ, ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಅಯ್ಯೋ ನಿನ್ ಮಕ ಮುಚ್ಚ! ಈಗ ನೀನೇ ಓನರ್ರು ಕಣಮ್ಮಾ! ನನ್ನೇನ್ ಕೇಳೀಯೆ? ಇರು, ನಾಳೀಕೆ ಬತ್ತೀನಿ. ನಿನ್ ಮನೆ ನೋಡ್ದಂಗೂ ಆಯ್ತದೆ." ಅವರ ಮನೆಯಲ್ಲಿ ಸೂತಕವಿದ್ದದ್ದರಿಂದ ಗೃಹಪ್ರವೇಶಕ್ಕೆ ಬರಲು ಆಗಿರಲಿಲ್ಲ.

ಓನರಮ್ಮ ಬಾಗಲಗುಂಟೆಯ ಹಳೇ ಮನೆತನದವರು. ರಾಗಿ ಹೊಲವಿದ್ದ ಕಡೆ ಈಗ ಅವರದೇ ಮೂರು ಮಹಡಿ. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಹೇಳಿದಂತೆಯೇ ಮರುದಿನ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬಂದರು. ಅಮ್ಮ ಅವರನ್ನು ನೋಡಿದ್ದೇ ತಡ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಕಾಫಿಗೆಂದು ಹಾಲನ್ನು ಒಲೆಯ ಮೇಲಿಟ್ಟು ಬಂದಳು.

ಓನರಮ್ಮನ ಕಣ್ಣು ನೇರ ಗೋಡೆಗೆ ಹೋಯಿತು. "ಏನಕ್ಕಾ ಇದು, ಗೋಡೆ ತುಂಬಾ ಮೊಳೆ? ಯಾರ್ ಒಡ್ದಿದ್ದು ಇಂಗೆ?"

ನಾನು ತಲೆ ತಗ್ಗಿಸಿದೆ. ಗಂಡ ಬಾಲ್ಕನಿ ಕಡೆಗೆ ಜಾರಿಕೊಂಡ. ಅಮ್ಮ ಗೋಡೆಯ ಕಡೆಗೊಮ್ಮೆ ನೋಡಿ, "ನಾನೇ ಹೊಡೆಸಿದ್ದು" ಎಂದಳು.

ಹಸಿ ಹಸಿ ಸುಳ್ಳು! ಒಂದೊಂದು ಮೊಳೆಗೂ ನಮ್ಮನ್ನು ಬೈದವಳು! "ಚೀಲ ತಗುಲಿಹಾಕೋಕೆ ಅನುಕೂಲ ಆಗುತ್ತೆ" ಎಂದು ಬೇರೆ ಸೇರಿಸಿದಳು. ಆಮೇಲೆ ಅವಳಿಗೆ ಏನಾಯಿತೋ, ಓನರಮ್ಮನ ಕೈ ಹಿಡಿದು ಮನೆ ತೋರಿಸಲು ಹೊರಟಳು. ಬೆಳಗಿನ ಬಿಸಿಲು ಬೀಳುವ ಜಾಗ, ಬಟ್ಟೆ ಒಗೆಯುವ ಜಾಗ, ಕಿಟಕಿಯಿಂದ ಕಾಣುವ ರೈಲು. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, "ಎಷ್ಟು ಜೋರಾಗಿ ಬರುತ್ತೆ ನೋಡಿ" ಎಂದಳು. ನಾನು ಬಾಯಿ ಬಿಟ್ಟುಕೊಂಡು ಹಿಂದೆ ನಡೆದೆ. ಅಮ್ಮ ಜಂಬ ಕೊಚ್ಚುವುದನ್ನು ನಾನು ನೋಡಿಯೇ ಇರಲಿಲ್ಲ.

ಅವಳ ಕೋಣೆಯಲ್ಲಿ ಓನರಮ್ಮ ಟ್ರಂಕಿನ ಮುಂದೆ ನಿಂತರು. "ಇದ್ಯಾಕಕ್ಕಾ ಕಟ್ಟಿಟ್ಟಿದೀಯಾ? ಯಾವೂರಿಗೆ ಓಯ್ತೀಯಾ?"

ಅಮ್ಮನ ಮುಖ ಇಳಿಯಿತು. ಹಾಲಿನ ಕಥೆಯನ್ನು ಹೇಳಿದಳು, ಮತ್ತೆ ಪಿಸುದನಿಯಲ್ಲಿ. ಓನರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಿಮಾನವೊಂದು ಮನೆಯ ನೆತ್ತಿಯ ಮೇಲೇ ಹೋಯಿತು. ಗಾಜು ನಡುಗಿತು, ಮೊಳೆಯಲ್ಲಿದ್ದ ಗಡಿಯಾರ ನಡುಗಿತು, ಮೂವರೂ ಕಿವಿ ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಸದ್ದು ದೂರವಾದ ಮೇಲೆ ಅಡುಗೆಮನೆಯಿಂದ ಬೇರೊಂದು ಸದ್ದು ಕೇಳಿತು. ಸುಂಯ್ ಎಂದು.

"ಆಲು!" ಎಂದು ಓನರಮ್ಮ ಕೂಗಿದರು.

ನಾನು ಓಡಿದೆ. ಹಾಲು ನಾಲ್ಕೂ ಕಡೆಗೆ ಉಕ್ಕಿ ಇಳಿಯುತ್ತಿತ್ತು. ಒಲೆಯ ತಿರುಪಿಗೆ ಕೈ ಹಾಕಿದೆ. ಹಿಂದಿನಿಂದ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಇಷ್ಟು ಗಟ್ಟಿಯಾಗಿ ಅವಳು ನನ್ನನ್ನು ಹಿಡಿದದ್ದು ರಸ್ತೆ ದಾಟಿಸುತ್ತಿದ್ದ ಕಾಲದಲ್ಲಿ.

"ಇರು. ಬಿಡು" ಎಂದಳು.

ಹಾಲು ಕಟ್ಟೆಯ ಮೇಲೆ ಹರಡಿತು, ಅಂಚಿಗೆ ಬಂತು, ನೆಲಕ್ಕೆ ಸುರಿಯಿತು. ಒಲೆ ತಾನಾಗಿಯೇ ನಂದಿತು, ಆಗ ನಾನು ಗ್ಯಾಸು ಮುಚ್ಚಿದೆ. ಓನರಮ್ಮ ಸೀರೆಯನ್ನು ಮೇಲೆತ್ತಿಕೊಂಡು, "ಅಯ್ಯೋ ಅಕ್ಕಾ, ಒಸಾ ಕಟ್ಟೆಯೆಲ್ಲಾ ಆಳಾಯ್ತಲ್ಲ!" ಎಂದರು.

"ಆಗ್ಲಿ ಬಿಡಿ!" ಎಂದಳು ಅಮ್ಮ. ಎದುರು ಮನೆಗೂ ಕೇಳುವಷ್ಟು ಜೋರಾಗಿ ಎಂದಳು. "ನಮ್ಮನೆ ಕಟ್ಟೆ. ನಾವೇ ಒರೆಸ್ಕೋತೀವಿ."

ಓನರಮ್ಮ ಅವಳನ್ನು ನೋಡಿದರು, ನಕ್ಕರು, ನಾನೂ ನಕ್ಕೆ. ಅಮ್ಮ ಹಾಲಿನ ಮಧ್ಯೆ ಬರಿಗಾಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಲ್ಲರೂ ಹಾಲಿಲ್ಲದ ಕಾಫಿ ಕುಡಿದೆವು. ಸೋರುವ ನಲ್ಲಿಯ ನೆನಪು ಯಾರಿಗೂ ಬರಲಿಲ್ಲ.

ಓನರಮ್ಮನನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಟ್ರಂಕು ಬಾಯಿ ತೆರೆದಿತ್ತು, ಸೀರೆಗಳು ಮಂಚದ ತುಂಬ ಹರಡಿದ್ದವು. ಆ ನೀಲಿ ಹಗ್ಗದ ಒಂದು ತುದಿಯನ್ನು ಹಿಡಿದುಕೊಂಡು ಅಮ್ಮ ಬಾಲ್ಕನಿಯ ಗೋಡೆಯ ಹತ್ತಿರ ನಿಂತಿದ್ದಳು. ಬಟ್ಟೆ ಒಣಹಾಕಲು ಕಟ್ಟಬೇಕಂತೆ. ನನ್ನ ಗಂಡ ಅತ್ತೆಗೆ ಹೆದರಿ ಮೊಳೆಯ ತಲೆಗೆ ಮೆತ್ತಗೆ ತಟ್ಟುತ್ತಿದ್ದ.

"ಜೋರಾಗಿ ಹೊಡೀರಿ" ಎನ್ನುತ್ತಿದ್ದಳು ಅಮ್ಮ. "ಯಾರ್ ಕೇಳ್ತಾರೆ ಈಗ?"