ಡಲ್ಸಿ ಅತ್ತಿಗೆ ಹಿಮಗುಡ್ಡದ ತವರಿಗೆ ಹೋಗಿಬಂದದ್ದು

ನಮ್ಮಣ್ಣ ಎಲ್ಡ್ರೆಡ್‌ನನ್ನು ಮದುವೆಯಾಗಿ ನಮ್ಮ ಕಡಲೂರು ಸ್ಕಲ್ಪಿನ್ ಆರ್ಮ್‌ಗೆ ಬಂದಾಗ ಡಲ್ಸಿ ಅತ್ತಿಗೆಗೆ ಹತ್ತೊಂಬತ್ತು. ಬಂದ ವಾರದಲ್ಲೇ ಮೀನಿನ ಕಾರ್ಖಾನೆಗೆ ಸೇರಿದಳು. ಹದಿನೇಳು ವರ್ಷ ಅಲ್ಲಿ ನಿಂತು ಕಾಡ್ ಮೀನು ಸೀಳಿದಳು. ಪಕ್ಕದ ಜಾಗ ನನ್ನದು. ನಾನು ಎರಡು ಮುಗಿಸುವಷ್ಟರಲ್ಲಿ ಅವಳದು ಐದು ಆಗಿರುತ್ತಿತ್ತು. ತೊಂಬತ್ತೆರಡರ ಜುಲೈನಲ್ಲಿ ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಕಡಲಲ್ಲಿ ಮೀನೇ ಉಳಿದಿಲ್ಲ ಅಂದರು. ಅದು ನಿಜ ಅಂತ ನಮಗೂ ಗೊತ್ತಿತ್ತು. ಕಾರ್ಖಾನೆಗೆ ಬೀಗ ಬಿತ್ತು. ಅಣ್ಣನ ದೋಣಿ ಅದನ್ನು ಕಟ್ಟುವ ದಕ್ಕೆ ಬಿಟ್ಟು ಕದಲಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ನಮ್ಮ ಕೊಲ್ಲಿಯ ಬಾಯಿಗೆ ಇಗರ್ಜಿಗಿಂತ ಎತ್ತರದ ಹಿಮಗುಡ್ಡವೊಂದು ತೇಲಿಬಂದು ತಳ ಕಚ್ಚಿ ನಿಂತಿತು. ನಮಗೆ ಅದೇನು ಹೊಸದಲ್ಲ. ಬಲೆ ಹರಿಯುವ ಪೀಡೆ ಅಂತ ಬೈದುಕೊಂಡೇ ಬೆಳೆದವರು ನಾವು. ಆದರೆ ಆ ಸಲ ಪೇಟೆ ಕಡೆಯಿಂದ ಕಾರುಗಳು ಬಂದವು. ಜನ ಬಂಡೆಯ ಮೇಲೆ ನಡುಗುತ್ತ ಗಂಟೆಗಟ್ಟಲೆ ನಿಂತು ನೋಡಿದರು. ಅತ್ತಿಗೆ ಅವರಿಗೆಲ್ಲ ಚಹಾ ಕೊಟ್ಟು ಬಂದು ಅಣ್ಣನ ಮುಂದೆ ನಿಂತಳು.

"ದೋಣಿಗೆ ಬಣ್ಣ ಹೊಡಿ."

"ಯಾಕೆ, ಮೀನು ವಾಪಸ್ ಬಂತಾ?"

"ಜನ ಬಂದಿದ್ದಾರೆ. ಹತ್ರ ಕರ್ಕೊಂಡು ಹೋಗಿ ತೋರಿಸೋಣ."

"ಮಂಜುಗಡ್ಡೆ ನೋಡೋಕೆ ಯಾವನಾದ್ರೂ ದೋಣಿ ಹತ್ತುತ್ತಾನೇನೇ? ತಲೆ ಕೆಟ್ಟಿದೆ ನಿಂಗೆ."

"ಈ ಚಳೀಲಿ ಬಂಡೆ ಮೇಲೆ ನಿಂತಿದ್ದಾರಲ್ಲ, ಅವರ ತಲೆ ನನಗಿಂತ ಕೆಟ್ಟಿದೆ. ನೀನು ಬಣ್ಣ ಹೊಡಿ."

ಅಣ್ಣ ಬಣ್ಣ ಹೊಡೆದ. ಮೊದಲ ಕೆಲವು ವರ್ಷ ದೋಣಿ ನಡೆಸಿದವನು ಅವನು, ಮಾತಾಡಿದವಳು ಅವಳು. ಹತ್ತು ಜನರ ಮುಂದೆ ಬಾಯಿ ಬಿಡುವುದಕ್ಕಿಂತ ಬಿರುಗಾಳಿಯೇ ವಾಸಿ ಅನ್ನುವ ಜಾತಿ ಅವನದು. ಆಮೇಲೆ ಅವನ ಭುಜ ಕೈಕೊಟ್ಟಿತು. ಅತ್ತಿಗೆ ದೋಣಿ ನಡೆಸುವ ಪರೀಕ್ಷೆಗೆ ಕೂತು ಮೊದಲ ಸಲಕ್ಕೇ ಪಾಸಾದಳು. ಹಗ್ಗ ಹಿಡಿಯಲು ನನ್ನನ್ನು ಕರೆದಳು.

ಅವಳದೊಂದು ಕಟ್ಟುನಿಟ್ಟು: ಗುಡ್ಡ ಎಷ್ಟು ಉದ್ದವೋ ಅದರಿಂದ ಅಷ್ಟು ದೂರ. ಅದಕ್ಕಿಂತ ಒಂದು ಮೊಳ ಹತ್ತಿರ ಹೋಗುವವಳಲ್ಲ. ನೀರಿನ ಕೆಳಗಿರುವ ಭಾಗ ಕರಗಿ ಹಗುರಾದರೆ ಇಡೀ ಗುಡ್ಡ ಒಂದೇ ಏಟಿಗೆ ಮಗುಚುತ್ತದೆ. ಒಮ್ಮೆ ಒಬ್ಬ ದೊಡ್ಡ ಕ್ಯಾಮೆರಾದವನು "ಇನ್ನೂ ಸ್ವಲ್ಪ ಹತ್ರ ಹೋಗಿ, ಹೆದರ್ತೀರಾ?" ಅಂತ ಕೆಣಕಿದ.

"ಫೋಟೋ ಚೆನ್ನಾಗೇ ಬರುತ್ತೆ ಕಣಪ್ಪಾ, ನೋಡೋಕೆ ನೀನಿರಲ್ಲ ಅಷ್ಟೆ" ಅಂದಳು. ದೋಣಿಯೆಲ್ಲ ನಕ್ಕಿತು. ಅವನೂ ನಕ್ಕ.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಒಂದು ಜೂನ್‌ನಲ್ಲಿ ಗ್ರೀನ್‌ಲ್ಯಾಂಡ್‌ನಿಂದ ಪಿಪಾಲುಕ್ ಅನ್ನುವ ಹೆಂಗಸು ಬಂದಳು. ಅತ್ತಿಗೆಯ ವಯಸ್ಸಿನವಳೇ. ಕೈ ನೋಡಿದರೆ ಮೀನಿನ ಕೆಲಸದವಳು ಅಂತ ಗೊತ್ತಾಗುತ್ತಿತ್ತು. ಅತ್ತಿಗೆ ದೋಣಿಯಲ್ಲಿ ಎಂದಿನಂತೆ ಹೇಳಿದಳು. ಗ್ರೀನ್‌ಲ್ಯಾಂಡ್‌ನಲ್ಲಿ ಸಾವಿರಾರು ವರ್ಷದ ಹಿಮ ಒತ್ತಿ ಒತ್ತಿ ಹಿಮನದಿಯಾಗಿ ಕಡಲಿಗೆ ಜಾರುತ್ತದೆ. ಅದರ ತುದಿ ಮುರಿದು ಗುಡ್ಡವಾಗುತ್ತದೆ. ಪ್ರವಾಹ ಅದನ್ನು ಮೊದಲು ಉತ್ತರಕ್ಕೆ ಒಯ್ದು, ಸುತ್ತು ಹಾಕಿಸಿ, ಎರಡು ಮೂರು ವರ್ಷಕ್ಕೆ ನಮ್ಮೂರಿಗೆ ತಂದುಬಿಡುತ್ತದೆ. "ಹಂಸ ಗೂಡು ಬಿಟ್ಟ ಹಾಗೆ ಸದ್ದಿಲ್ಲದೆ ಹೊರಟುಬರುತ್ತೆ" ಅಂತ ಮುಗಿಸಿದಳು.

ದಡಕ್ಕೆ ಬಂದಮೇಲೆ ಪಿಪಾಲುಕ್ ಮೆಲ್ಲಗೆ ಕೇಳಿದಳು: "ನೀವು ನೋಡಿದ್ದೀರಾ, ಅದು ಹೊರಡೋದನ್ನ?"

"ಇಲ್ಲ."

"ಎಲ್ಲಾ ಸರಿಯಾಗೇ ಹೇಳಿದ್ರಿ. ಆ ಹಂಸದ ಮಾತು ಮಾತ್ರ ಬಿಡಿ. ಅದು ಹೊರಟಾಗ ನಮ್ಮನೇಲಿ ಕಪಾಟಿನ ಪಾತ್ರೆ ಅಲುಗುತ್ತೆ. ಬನ್ನಿ, ನೋಡುವಿರಂತೆ."

ಆ ಸಂಜೆ ಅತ್ತಿಗೆ ಊಟ ಸರಿಯಾಗಿ ಮಾಡಲಿಲ್ಲ. "ಇಪ್ಪತ್ತು ವರ್ಷದಿಂದ ನಾನೇ ಕಾಣದ್ದನ್ನ ಜನಕ್ಕೆ ಹೇಳ್ಕೊಂಡು ಬಂದಿದ್ದೀನಿ ಕಣೇ ಐವಿ" ಅಂದಳು. ಮರುವರ್ಷ ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದಳು, ನನ್ನನ್ನೂ ಎಳೆದುಕೊಂಡು. ದಕ್ಕೆಯ ಮೇಲಿದ್ದವರು "ಬಾಗಿಲಿಗೇ ಬರೋ ಮಂಜು ನೋಡೋಕೆ ಅಷ್ಟು ದೂರ ಹೋಗ್ತಾಳಂತೆ" ಅಂತ ಆಡಿಕೊಂಡರು. ಅಣ್ಣ ಮಾತ್ರ ಅವಳ ಬೂಟಿಗೆ ಎಣ್ಣೆ ಹಚ್ಚಿಟ್ಟ.

ಪಿಪಾಲುಕ್‌ಳ ಹಳ್ಳಿ ಬರೀ ಬಂಡೆ, ಅದರ ಮೇಲೆ ಕೆಂಪು ಹಳದಿ ಮನೆಗಳು, ಸುತ್ತ ನೂರಾರು ಹಿಮಗುಡ್ಡ. ಕೊಲ್ಲಿಯ ಆಚೆ ತುದಿಯಲ್ಲಿ ಹಿಮನದಿ ಬಿಳಿ ಗೋಡೆಯ ಹಾಗೆ ನಿಂತಿತ್ತು. ಮೂರು ದಿನ ಅತ್ತಿಗೆ ದಿಬ್ಬದ ಮೇಲೆ ಕೂತು ಕಾದಳು. ಒಂದು ಚೂರೂ ಬೀಳಲಿಲ್ಲ. ನಾಲ್ಕನೇ ದಿನ ಬೇಸತ್ತು, ಹೆಂಗಸರು ಹ್ಯಾಲಿಬಟ್ ಮೀನು ಸೀಳುತ್ತಿದ್ದ ಕೊಟ್ಟಿಗೆಗೆ ಹೋದಳು.

"ಒಂದು ಚಾಕು ಕೊಡಿ" ಅಂದಳು.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಆ ಕೆಲಸಕ್ಕೆ ಕೈ ಹಾಕಿರಲಿಲ್ಲ. ಮೊದಲ ಮೀನು ಒರಟಾಯಿತು. ಎರಡನೆಯದು ಪರವಾಗಿಲ್ಲ ಅನ್ನಿಸಿತು. ಐದನೆಯದಕ್ಕೆ ಕೈಗೆ ಹಳೇ ಓಟ ಬಂದುಬಿಟ್ಟಿತು. ಪಿಪಾಲುಕ್ ತನ್ನ ಚಾಕು ಕೆಳಗಿಟ್ಟಳು.

"ನಿಧಾನ ತಾಯಿ, ನಮ್ಮ ಮಾನ ಹೋಗುತ್ತೆ!"

ಎಲ್ಲರೂ ನಗುತ್ತಿರುವಾಗಲೇ ಆ ಸದ್ದು ಬಂತು. ಮೊದಲು ಬಂದೂಕು ಹಾರಿಸಿದ ಹಾಗೆ, ಆಮೇಲೆ ನೆಲದೊಳಗಿಂದ ಗುಡುಗು. ಬೋಗುಣಿಯ ನೀರು ನಡುಗಿತು. ಆ ಹೆಂಗಸರು ತಲೆಯೆತ್ತಲೂ ಇಲ್ಲ. ಅತ್ತಿಗೆ ಚಾಕು ಹಿಡಿದೇ ಹೊರಗೋಡಿದಳು. ಆ ಹಿಮದ ಗೋಡೆಯ ಒಂದು ಪಕ್ಕವೇ ಕುಸಿದು, ಮುಳುಗಿ, ಹೊರಳಿ, ನೀಲಿಯಾಗಿ ಮತ್ತೆ ಮೇಲೆದ್ದು ಬರುತ್ತಿತ್ತು. ಮೈಯಿಂದ ನೀರು ಜಲಪಾತದ ಹಾಗೆ ಸುರಿಯುತ್ತಿತ್ತು. ಅತ್ತಿಗೆಯ ಕೆನ್ನೆ ಒದ್ದೆಯಾದದ್ದನ್ನು ನಾನು ಕಂಡೆ. ಕಾರ್ಖಾನೆಗೆ ಬೀಗ ಬಿದ್ದ ದಿನವೂ ಅತ್ತವಳಲ್ಲ ಅವಳು.

"ಇಷ್ಟು ಪೆಟ್ಟು ತಿಂದು ಬರುತ್ತೇನೇ ಅದು?" ಅಂದಳು.

ಊರಿಗೆ ಮರಳಿದ ಮೇಲೆ ಅವಳ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು. ಗುಡ್ಡದ ಎದುರು ಎಂಜಿನ್ ನಿಲ್ಲಿಸಿ, "ಸುಮ್ನೆ ಕೇಳಿ" ಅನ್ನುತ್ತಾಳೆ. ಕರಗುವ ಹಿಮದೊಳಗೆ ಸಿಕ್ಕಿಕೊಂಡಿದ್ದ ಹಳೇ ಗಾಳಿ ಚಿಟಪಟ ಅಂತ ಬಿಡುಗಡೆಯಾಗುವುದು ಕೇಳಿಸುತ್ತದೆ. ಆಮೇಲೆ ಆ ಕೊಟ್ಟಿಗೆಯ ಕಥೆ ಹೇಳುತ್ತಾಳೆ. ಅಣ್ಣ ಅದನ್ನು ಕೇಳಲೆಂದೇ ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಾನೆ, ತನಗೆ ಬೇರೆ ಕೆಲಸವಿಲ್ಲ ಅನ್ನುವ ಮುಖ ಮಾಡಿಕೊಂಡು. ಕೆಲವು ವರ್ಷ ಗುಡ್ಡಗಳು ಎರಡೋ ಮೂರೋ ಮಾತ್ರ ಬರುತ್ತವೆ. ಆಗ ಫೋನ್ ಮಾಡಿದವರಿಗೆ "ಇಲ್ಲ, ಈ ಸಲ ಬರಬೇಡಿ" ಅಂತ ನೇರವಾಗಿ ಹೇಳುತ್ತಾಳೆ.

ಈಗ ಅವಳಿಗೆ ಅರವತ್ತೆಂಟು. ಈ ವಸಂತದಲ್ಲಿ ಲೈಸೆನ್ಸ್ ನವೀಕರಿಸಲು ಹೋದಾಗ ಕಚೇರಿಯವನು ನಯವಾಗಿ, "ಇನ್ನೂ ಎಷ್ಟು ವರ್ಷ ದೋಣಿ ನಡೆಸ್ಬೇಕು ಅಂತಿದ್ದೀರಮ್ಮಾ?" ಅಂದ.

"ಆ ಪ್ರಶ್ನೆ ಫಾರಂನಲ್ಲಿದೆಯಾ?"

"ಇಲ್ಲ."

"ಹಾಗಾದ್ರೆ ಸೀಲು ಹೊಡಿ ಮಗಾ. ಗಾಳಿ ಚೆನ್ನಾಗಿದೆ, ಜನ ಕಾಯ್ತಿದ್ದಾರೆ."