ದೊಡ್ಡಕ್ಷರದ ಪುಸ್ತಕ

"ಮುನ್ನುಡಿ ಬರಲಿ, ಆಮೇಲೆ ಅಚ್ಚಿಗೆ ಕೊಡೋಣ" ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಹೇಳುವುದು ಇದನ್ನೇ. ಒಂದೇ ಕೋಣೆಯ ಅಂಗಡಿ ನನ್ನದು. ಎರಡು ಕಂಪ್ಯೂಟರು, ಗೊರಗೊರ ಅನ್ನುವ ಒಂದು ಪ್ರಿಂಟರು, ಗೋಡೆಗೆ ಆನಿಸಿಟ್ಟ ಕಾಗದದ ಕಟ್ಟುಗಳು, ಬಂದವರು ಕೂರಲು ಒಂದು ಬೆಂಚು. ತಮ್ಮ ಪುಸ್ತಕವನ್ನು ತಾವೇ ಹೊರತರುವವರಿಗೆ ಅಕ್ಷರ ಕೂಡಿಸಿ, ಪುಟ ಕಟ್ಟಿ, ಹಿಂದಿನ ಬೀದಿಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ ಕೊಡುವುದು ನನ್ನ ಕೆಲಸ. ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಚಾಳಿ.

ಸಾವಿರ ಪ್ರತಿ ಬೇಡ, ಇನ್ನೂರು ಸಾಕು, ಮುಗಿದರೆ ಮತ್ತೆ ಹಾಕಿಸೋಣ ಅನ್ನುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಯಾರೂ ಕೇಳುವುದಿಲ್ಲ. ಮುರಿದ ಮಂಚದ ಕಾಲಿಗೆ ತಮ್ಮದೇ ಕವನ ಸಂಕಲನದ ಕಟ್ಟು ಕೊಟ್ಟು ಮಲಗುವ ಒಬ್ಬರನ್ನು ನಾನು ಬಲ್ಲೆ. ನೆಂಟರಿಗೆಲ್ಲ ಪುಕ್ಕಟೆ ಹಂಚಬೇಡಿ, ಪುಕ್ಕಟೆ ಸಿಕ್ಕಿದ್ದನ್ನು ಯಾರೂ ತೆರೆದು ನೋಡುವುದಿಲ್ಲ ಅನ್ನುತ್ತೇನೆ. ಮುಖಪುಟದ ತುಂಬ ನಿಮ್ಮ ಫೋಟೋ ಬೇಡ, ಮನೆಯವರು ದಿನಾ ನೋಡುತ್ತಲೇ ಇದ್ದಾರೆ ಅನ್ನುತ್ತೇನೆ. ಇದನ್ನೆಲ್ಲ ನಗುನಗುತ್ತಲೇ ಹೇಳುತ್ತೇನೆ. ಮುನ್ನುಡಿಯ ಮಾತು ಬಂದಾಗ ಮಾತ್ರ ನಗು ಬರುವುದಿಲ್ಲ. ಅದಕ್ಕೆ ಕಾರಣ ಡ್ರೈವರಣ್ಣ.

ಡ್ರೈವರಣ್ಣ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೂ ಖಾಕಿ ಪ್ಯಾಂಟೇ ಹಾಕುತ್ತಿದ್ದರು. ಬೆಂಚಿನ ಮೇಲೆ ಕೂತರೆ ಬಲಗಾಲು ತುಸು ಮುಂದೆ ಇರುತ್ತಿತ್ತು, ಬ್ರೇಕು ಅಲ್ಲೇ ಎಲ್ಲೋ ಇದೆ ಅನ್ನುವ ಹಾಗೆ. ಮೊದಲ ದಿನ ರಬ್ಬರ್ ಬ್ಯಾಂಡು ಸುತ್ತಿದ ಹಾಳೆಗಳ ಕಟ್ಟನ್ನು ನನ್ನ ಮುಂದಿಟ್ಟು, "ನೋಡಮ್ಮ, ನನ್ನ ರೂಟಿನ ಕತೆಗಳು. ಹತ್ತಿದವರದ್ದು, ಇಳಿದವರದ್ದು, ಚಿಲ್ಲರೆಗೆ ಜಗಳ ಆಡಿದವರದ್ದು" ಅಂದರು. ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅದನ್ನೇ ಹೇಳಿದೆ.

"ನಮ್ಮನೆಯವಳೂ ಅದನ್ನೇ ಹೇಳ್ತಾಳೆ," ಅಂದು ನಕ್ಕರು. "ಅಚ್ಚಾಗಲಿ, ಓದ್ತೀನಿ. ಈ ಕೋಳಿಕಾಲು ಓದಿ ಕಣ್ಣು ಯಾಕೆ ಕಳ್ಕೊಳ್ಳಲಿ ಅಂತಾಳೆ."

ಅದು ತಮಾಷೆಯ ಮಾತಾಗಿರಲಿಲ್ಲ. ಅವರ ಹೆಂಡತಿಗೆ, ಅಂದರೆ ನನ್ನ ಲೆಕ್ಕದಲ್ಲಿ ಅತ್ತಿಗೆಗೆ, ಕಣ್ಣಿನ ನರ ಒಣಗುತ್ತಾ ಬಂದಿತ್ತು. ಇರುವಷ್ಟನ್ನು ಔಷಧಿ ಹಾಕಿ ಕಾಪಾಡಬಹುದು, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವರ ಕಣ್ಣು ಇರುವಾಗಲೇ ಪುಸ್ತಕ ಅವರ ಕೈ ಸೇರಬೇಕು, ಅದಕ್ಕೇ ಅವಸರ ಅಂದರು ಡ್ರೈವರಣ್ಣ.

ಅವಸರದ ನಿಜವಾದ ಕಾರಣ ನನಗೆ ತಿಳಿದದ್ದು ಅಕ್ಷರ ಕೂಡಿಸುತ್ತಾ ಹೋದ ಹಾಗೆ. ನಡುವೆ ಒಂದು ಅಧ್ಯಾಯವಿತ್ತು, "ಶಾಲೆ ಸ್ಟಾಪು" ಅಂತ. ಅವರಿಗೊಬ್ಬಳು ಮಗಳಿದ್ದಳು. ಬಾಯಿ ಮುಚ್ಚದ ಹುಡುಗಿ, ಮನೆಯಲ್ಲಿ ಗಿಣಿ ಎಂದೇ ಕರೆಯುತ್ತಿದ್ದರು. ಶಾಲೆಗೆ ಅಪ್ಪನ ಬಸ್ಸಿನಲ್ಲೇ ಹೋಗುವಳು. ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಡ್ರೈವರಣ್ಣ ವಾರ ತುಂಬುವ ಮೊದಲೇ ಡ್ಯೂಟಿಗೆ ಹೋದರು. "ನಿಮ್ಮ ಎದೆ ಕಲ್ಲು" ಎಂದು ಅತ್ತಿಗೆ ಅಂದದ್ದು ಒಂದೇ ಸಲ. ಅದಕ್ಕೆ ಇವರು ಉತ್ತರ ಕೊಟ್ಟಿರಲಿಲ್ಲ.

ಉತ್ತರ ಆ ಅಧ್ಯಾಯದಲ್ಲಿತ್ತು. ಗಂಡಸಿಗೆ ಅಳಲು ಮನೆಯಲ್ಲಿ ಜಾಗವಿರಲಿಲ್ಲ, ಸ್ಟೇರಿಂಗಿನ ಹಿಂದೆ ಇತ್ತು ಎಂದು ಬರೆದಿದ್ದರು. ಶಾಲೆ ಸ್ಟಾಪಿನಲ್ಲಿ ಯಾರೂ ಗಂಟೆ ಹೊಡೆಯದಿದ್ದರೂ ಅವರು ಬಸ್ಸು ನಿಲ್ಲಿಸುತ್ತಿದ್ದರು. ನಿಲ್ಲಿಸಿ ಕನ್ನಡಿ ನೋಡುತ್ತಿದ್ದರು. ಹಿಂದಿನಿಂದ ಕಂಡಕ್ಟರು, "ಇಳಿಯೋರು ಯಾರೂ ಇಲ್ಲ, ರೈಟ್!" ಎಂದು ಕೂಗಿದ ಮೇಲೆ ಹೊರಡುತ್ತಿದ್ದರು. ಕಂಡಕ್ಟರುಗಳು ಬದಲಾದರು, ಬಸ್ಸುಗಳು ಬದಲಾದವು, ಮುದುಕನಿಗೆ ಮರೆವು ಎಂದು ಪ್ರಯಾಣಿಕರು ಆಡಿಕೊಂಡರು. ಕೆಲಸದ ಕೊನೆಯ ದಿನದವರೆಗೂ ಅವರು ಅಲ್ಲಿ ನಿಲ್ಲಿಸಿದರು. ಅದನ್ನು ಕೂಡಿಸಿದ ದಿನ ನಾನು ಬೇಗ ಅಂಗಡಿ ಮುಚ್ಚಿ ಮನೆಗೆ ಹೋದೆ.

ಕರಡನ್ನು ಬಾಯಿಬಿಟ್ಟು ಓದಿಸುವುದು ನನ್ನ ಕ್ರಮ. ಬರೆದವರ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ಅರ್ಥ. ಡ್ರೈವರಣ್ಣ ಬೆಂಚಿನ ಮೇಲೆ ಕೂತು ಒಂದೊಂದೇ ಅಧ್ಯಾಯ ಓದಿದರು, ಕಂಡಕ್ಟರಿನ ದನಿ, ಮೀನು ಮಾರುವವಳ ದನಿ ಎಲ್ಲ ಮಾಡಿ ನನ್ನನ್ನು ನಗಿಸಿದರು. ಶಾಲೆ ಸ್ಟಾಪು ಬಂದಾಗ ಹಾಳೆಯನ್ನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದರು. ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದು, "ಇದನ್ನ ನೀನೇ ನೋಡ್ಕೋಮ್ಮ" ಅಂದರು.

"ಅಣ್ಣಾ, ಈ ಅಧ್ಯಾಯ ಒಂದನ್ನೇ ಪ್ರಿಂಟ್ ತೆಗೆದು ಅತ್ತಿಗೆಗೆ ಕೊಡಿ. ಇವತ್ತೇ ಕೊಡಿ" ಅಂದೆ.

"ಬಿಡಿ ಹಾಳೆ ಕೊಟ್ಟರೆ ಅದು ಕಾಗದ ಬರೆದ ಹಾಗಾಗತ್ತೆ. ಅವಳು ಓದಿ ನನ್ನ ಮುಖ ನೋಡ್ತಾಳೆ, ಆಗ ನಾನು ಏನಾದರೂ ಹೇಳಬೇಕಾಗತ್ತೆ. ಪುಸ್ತಕದೊಳಗೆ ಇದ್ದರೆ ಹಾಗಲ್ಲ. ನಾಲ್ಕು ಜನಕ್ಕೆ ಅಂತ ಬರೆದದ್ದು, ಅವಳೂ ಓದಿದಳು, ಅಷ್ಟೆ. ಅಡುಗೆಮನೆಯಲ್ಲಿ ಕೂತು ಓದಿಕೊಳ್ಳಲಿ."

ಹಾಗಾದರೆ ಅಚ್ಚಿಗೆ ಕೊಡೋಣ ಅಂದೆ. ಆಗ ಬಂತು ಆ ಮಾತು, ಮುನ್ನುಡಿ.

ಯಾರೋ ಅವರ ತಲೆಯಲ್ಲಿ ಹುಳ ಬಿಟ್ಟಿದ್ದರು. ಬಸ್ಸು ಓಡಿಸುವವನ ಪುಸ್ತಕವನ್ನು ಯಾರು ಕೈಯಲ್ಲಿ ಹಿಡಿಯುತ್ತಾರೆ, ಮೊದಲ ಪುಟದಲ್ಲಿ ಒಬ್ಬ ದೊಡ್ಡವರ ಮಾತಿರಬೇಕು ಎಂದು. ಬಡಾವಣೆಯ ಆ ತುದಿಯಲ್ಲಿ ಅಂಥ ದೊಡ್ಡವರೊಬ್ಬರು ಇದ್ದರು. ಸಭೆಗಳಲ್ಲಿ ಮಾತಾಡುವವರು, ಪೇಪರಿನಲ್ಲಿ ಬರೆಯುವವರು. ಕೆಟ್ಟವರಲ್ಲ. ಇಲ್ಲ ಅನ್ನಲು ಬಾಯಿ ಬರದ ಮನುಷ್ಯ, ಅಷ್ಟೆ. ಅಂಥವರು ಕೆಟ್ಟವರಿಗಿಂತ ಅಪಾಯ. ಡ್ರೈವರಣ್ಣ ಕಟ್ಟನ್ನು ಅವರಿಗೆ ಕೊಟ್ಟು, ಹಬೆಯಾಡುವ ಕಾಫಿ ಕುಡಿದು, ಗಾಳಿಯಲ್ಲಿ ತೇಲುತ್ತಾ ಬಂದರು.

"ಮುಂದಿನ ವಾರ ಬನ್ನಿ ಅಂದ್ರಮ್ಮ."

"ಕಾಫಿ ಕೊಟ್ರಾ?"

"ಕೊಟ್ರು. ಬಿಸ್ಕತ್ತೂ ಕೊಟ್ರು."

"ಹಾಗಾದ್ರೆ ಕತೆ ಮುಗೀತು" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಮುಂದಿನ ವಾರ ಅನ್ನುವುದು ಮುಂದಿನ ತಿಂಗಳಾಯಿತು, ತಿಂಗಳುಗಳಾದವು. ದೊಡ್ಡವರು ಊರಲ್ಲಿಲ್ಲ, ದೊಡ್ಡವರಿಗೆ ಮೈ ಸರಿಯಿಲ್ಲ, ದೊಡ್ಡವರು ಅರ್ಧ ಓದಿದ್ದಾರಂತೆ. ಒಮ್ಮೆ ಬಂದು ಡ್ರೈವರಣ್ಣ ಬೆಂಚಿನ ಮೇಲೆ ಕುಸಿದು ಕೂತರು. ದೊಡ್ಡವರ ಮೇಜಿನ ಮೇಲೆ ಅಂಥವೇ ಕಟ್ಟುಗಳ ರಾಶಿ ಇತ್ತಂತೆ, ಇವರದ್ದು ಕೆಳಗಿನಿಂದ ಎರಡನೆಯದು. ರಬ್ಬರ್ ಬ್ಯಾಂಡನ್ನು ಇವರು ಹೇಗೆ ಸುತ್ತಿದ್ದರೋ ಹಾಗೇ ಇತ್ತಂತೆ.

"ಹೋಗಿ ವಾಪಸ್ ತಗೊಂಡು ಬನ್ನಿ ಅಣ್ಣ. ನಿಮ್ಮ ಪುಸ್ತಕಕ್ಕೆ ಇನ್ನೊಬ್ಬರ ಅಪ್ಪಣೆ ಯಾಕೆ? ಅಷ್ಟು ಬೇಕಿದ್ರೆ ನೀವೇ ಎರಡು ಮಾತು ಬರೀರಿ, ಯಾಕೆ ಬರೆದೆ ಅಂತ. ಸಾಕು."

"ಇನ್ನೊಂದು ಸಲ ನೋಡ್ತೀನಿ" ಅಂದರು. ಆ ದಿನ ನನಗೆ ಗೊತ್ತಾಯಿತು, ಇವರಿಗೆ ಬೇಕಾದದ್ದು ಮುನ್ನುಡಿಯಲ್ಲ. ಅತ್ತಿಗೆ ಆ ಅಧ್ಯಾಯ ಓದುವ ದಿನದ ಹೆದರಿಕೆಗೆ ಒಂದು ನೆಪ ಬೇಕಿತ್ತು. ದೊಡ್ಡವರು ಪುಣ್ಯಾತ್ಮ, ಅದನ್ನು ವಾರ ವಾರ ಬಿಸ್ಕತ್ತಿನ ಜೊತೆ ಕೊಡುತ್ತಿದ್ದರು.

ಈ ನಡುವೆ ಇನ್ನೊಂದು ಕೆಲಸ ಶುರುವಾಗಿತ್ತು. ಡ್ರೈವರಣ್ಣ ಬರುವರು, ಕರಡಿನ ಒಂದು ಪುಟ ಕೈಯಲ್ಲಿ ಹಿಡಿದು, "ಸ್ವಲ್ಪ ದೊಡ್ಡದು ಮಾಡ್ತೀಯಾಮ್ಮ?" ಅನ್ನುವರು. ಹಿಂದಿನ ದಿನ ಅತ್ತಿಗೆಗೆ ಪೇಪರಿನ ತಲೆಬರಹ ತೋರಿಸಿ ಪರೀಕ್ಷೆ ಮಾಡಿರುವರು. ನಾನು ಅಕ್ಷರ ಒಂದು ಅಳತೆ ಹಿಗ್ಗಿಸುವೆ. ಪುಟಗಳು ಹೆಚ್ಚುವವು. ಕೆಲವು ವಾರ ಕಳೆದು ಮತ್ತೆ ಬರುವರು, "ಇನ್ನೊಂಚೂರು." ಪುಸ್ತಕ ಊದುತ್ತಾ ಹೋಯಿತು. ಕೊನೆಕೊನೆಗೆ ಒಂದು ಸಾಲಿಗೆ ಮೂರು ಪದ ಹಿಡಿಸಿದರೆ ಹೆಚ್ಚು. ಬೇರೆ ಕೆಲಸಕ್ಕೆ ಬಂದವರು ತೆರೆಯ ಮೇಲೆ ನೋಡಿ, "ಮಕ್ಕಳ ಪುಸ್ತಕವಾ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಡ್ರೈವರಣ್ಣ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು ಬೆಂಚಿನ ಮೇಲೆ ಕೂತರು. ನಾನು ಕಂಪ್ಯೂಟರು ಹಚ್ಚಿ, ಅವರ ಪುಟ ತೆರೆದು, ಕೇಳುವ ಮೊದಲೇ ಅಳತೆ ಹೆಚ್ಚಿಸಲು ಕೈ ಇಟ್ಟೆ.

"ಅಕ್ಷರ ಇನ್ನು ದೊಡ್ಡದು ಮಾಡೋದು ಬೇಡಮ್ಮ" ಅಂದರು.

ಇಟ್ಟ ಕೈ ತೆಗೆದೆ. ಕಣ್ಣು ಹೋದ ಮೇಲೆ ಸೂರ್ಯನಿಗೆ ಕೈಮುಗಿಯುವ ಆ ಗಾದೆ ನಾಲಿಗೆಯ ತುದಿಗೆ ಬಂತು. ಎಲ್ಲರಿಗೂ ಧಾರಾಳವಾಗಿ ಗಾದೆ ಹಂಚುವವಳು ಅದೊಂದನ್ನು ನುಂಗಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ತಂದ ಕೈಯೇ ತಡ ಮಾಡಿತ್ತು.

"ಅಚ್ಚಿಗೆ ಕೊಡು. ಮುನ್ನುಡಿ ಬೇಡ" ಅಂದರು.

"ಅಕ್ಷರ ಮಾಮೂಲಿ ಅಳತೆಗೆ ಇಳಿಸಲಾ? ಪುಟ ಕಮ್ಮಿಯಾಗತ್ತೆ."

"ಬೇಡ. ಅವಳಿಗೆ ಅಂತ ಮಾಡಿದ್ದು. ಹಾಗೇ ಇರಲಿ."

ಪುಸ್ತಕ ಬಂತು. ಇಟ್ಟಿಗೆಯಷ್ಟು ದಪ್ಪ. ಮೊದಲ ಪುಟದಲ್ಲಿ ದೊಡ್ಡವರ ಮಾತಿಗೆಂದು ಬಿಟ್ಟಿದ್ದ ಜಾಗ ಖಾಲಿ ಇತ್ತು. ಮೊದಲ ಪ್ರತಿಯನ್ನು ಅವರೇ ಮನೆಗೆ ಒಯ್ದರು, ಉಳಿದ ಕಟ್ಟುಗಳನ್ನು ಕೆಲವು ದಿನ ಬಿಟ್ಟು ನಾನು ಆಟೋದಲ್ಲಿ ತೆಗೆದುಕೊಂಡು ಹೋದೆ. ಎರಡು ಕೋಣೆಯ ಮನೆ. ಅಡುಗೆಮನೆಯ ಡಬ್ಬಿಗಳ ಮೇಲೆ ಯಾವುದು ಏನು ಎಂದು ಗೊತ್ತಾಗಲು ಬೇರೆ ಬೇರೆ ಗುಂಡಿಗಳನ್ನು ಅಂಟಿಸಿದ್ದರು. ಅತ್ತಿಗೆ ಗೋಡೆ ಮುಟ್ಟಿಕೊಂಡು ಬಂದು, ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನೀನೇ ಏನಮ್ಮ ಬೈಯೋ ತಂಗಿ? ನಮ್ಮೆಜಮಾನರು ದಿನಾ ಹೇಳೋರು, ಇವತ್ತೂ ಬೈಸ್ಕೊಂಡು ಬಂದೆ ಅಂತ."

ಡ್ರೈವರಣ್ಣ ಕಾಫಿಗೆ ಹಾಲು ತರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟರು. ಅವರ ಹೆಜ್ಜೆ ಮೆಟ್ಟಿಲು ಇಳಿಯುವವರೆಗೆ ಅತ್ತಿಗೆ ಕಿವಿಗೊಟ್ಟು ಕೂತರು. ಆಮೇಲೆ ಪಕ್ಕದಲ್ಲಿದ್ದ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು.

"ದಿನಾ ಮಧ್ಯಾಹ್ನ ಓದಿ ಹೇಳ್ತಾರೆ. ಚೆನ್ನಾಗಿದೆ, ಎಲ್ಲಾ ಊಟದ ಹೊತ್ತಿಗೆ ಹೇಳಿದ್ದ ಕತೆಗಳೇ. ಆದರೆ ಮೊನ್ನೆ ಒಂದು ಕಡೆ ಒಂದೇ ಸಲಕ್ಕೆ ಒಂದು ಹಿಡಿ ಹಾಳೆ ಮಗುಚಿದ್ರು. ನನ್ನ ಕಣ್ಣು ಹೋಗಿದೆ ತಂಗಿ, ಕಿವಿ ಹೋಗಿಲ್ಲ. ಅಲ್ಲಿ ಏನಿದೆ?"

"ಅಣ್ಣನನ್ನೇ ಕೇಳಿ ಅತ್ತಿಗೆ."

"ಅವರು ಹೇಳೋದಾಗಿದ್ದರೆ ಯಾಕೆ ಬರೀತಿದ್ರು? ಓದು."

ಓದಿದೆ. ಅಷ್ಟು ದೊಡ್ಡ ಅಕ್ಷರಗಳಲ್ಲಿ ಓದುವುದು ಕಷ್ಟ, ಒಂದೊಂದು ಪದವೂ ಎದೆಗೆ ಬಂದು ನಿಲ್ಲುತ್ತದೆ. ಗಿಣಿ ಎಂಬ ಮಾತು ಬಂದ ಕೂಡಲೇ ಅತ್ತಿಗೆ ಕುರ್ಚಿಯ ಕೈಯನ್ನು ಹಿಡಿದುಕೊಂಡರು. ನಿಲ್ಲಿಸಲಾ ಎಂದು ಕೇಳಿದೆ, ತಲೆಯಲ್ಲಾಡಿಸಿದರು. ಸ್ಟೇರಿಂಗಿನ ಹಿಂದಿನ ಅಳು ಓದಿದೆ, ಕನ್ನಡಿ ಓದಿದೆ, ಕಂಡಕ್ಟರಿನ ಕೂಗು ಓದಿದೆ. ಕೊನೆಯ ಸಾಲು ಮುಗಿಸಿ ತಲೆಯೆತ್ತಿದರೆ ಡ್ರೈವರಣ್ಣ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟಿನಿಂದ ನೀರು ತೊಟ್ಟಿಕ್ಕಿ ಹೊಸಿಲು ಒದ್ದೆಯಾಗಿತ್ತು.

"ಬಂದಿದ್ದಾರಾ?" ಅತ್ತಿಗೆ ಕೇಳಿದರು.

"ಬಾಗಿಲಲ್ಲಿದ್ದಾರೆ."

"ಮುಖ ಹೇಗಿದೆ?"

ಡ್ರೈವರಣ್ಣನ ಕಡೆ ನೋಡಿದೆ. ಇಷ್ಟು ವರ್ಷ ಕಲ್ಲೆದೆ ಅಂದುಕೊಂಡಿದ್ದ ಗಂಡನ ಮುಖವನ್ನು ಈಗ ನೋಡಬೇಕೆಂದರೆ ಆ ಹೆಂಗಸಿಗೆ ಕಣ್ಣಿರಲಿಲ್ಲ. ಮುನ್ನುಡಿಗೆ ಕಾದದ್ದರಿಂದ ಹೋದದ್ದು ಇದು. ಊರಿನವರಿಗೆಲ್ಲ ಬುದ್ಧಿ ಹೇಳುವ ನಾನು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ.

"ಹೇಗಿದೆ ಹೇಳು ತಂಗಿ, ನನಗೆ ಕಾಣಲ್ಲ."

"ಸ್ಟಾಪಲ್ಲಿ ಬಸ್ಸು ನಿಲ್ಲಿಸಿ ಕನ್ನಡಿ ನೋಡ್ತಿರೋ ಹಾಗಿದೆ ಅತ್ತಿಗೆ."

ಅತ್ತಿಗೆ ಬಾಗಿಲಿನ ಕಡೆ ಮುಖ ತಿರುಗಿಸಿದರು. ಸ್ವಲ್ಪ ತಪ್ಪಿ, ಕಿಟಕಿಯ ಕಡೆಗೆ ತಿರುಗಿತ್ತು ಅದು.

"ಇಳಿಯೋರು ಯಾರೂ ಇಲ್ಲ ರೀ," ಅಂದರು. "ಒಳಗೆ ಬನ್ನಿ."